ಓಡಿಹೋಗಲು ಎಷ್ಟು ದುಡ್ಡು ಬೇಕು?

(ಮಡಿಕೇರಿಯಲ್ಲಿ ಕಿರುಚಿತ್ರ ಮಾಡುವ ಯುವಕ ಯುವತಿಯರಿಗಾಗಿ ನೀಡಿದ ಉಪನ್ಯಾಸದ ಬರಹ ರೂಪ)

ನೀವು ಬರೆದು ತಂದ ಕಥೆಯ ಎಳೆಗಳಲ್ಲಿ ಹೆಚ್ಚಿನವು ಒಂದೇ ರೀತಿ ಶುರುವಾಗುತ್ತವೆ. ಊರಲ್ಲಿ ಗಲಾಟೆ, ಮನೆಯಲ್ಲಿ ಸಾಲ, ಕೈಗೆ ಕೆಲಸವಿಲ್ಲ. ಮೂವರು ಗೆಳೆಯರು ಎಲ್ಲ ಬಿಟ್ಟು ಓಡಿಹೋಗಲು ತೀರ್ಮಾನಿಸುತ್ತಾರೆ. ಪುಟ ತಿರುಗಿಸಿದರೆ ಕೈಯಲ್ಲಿ ಕೋವಿ. ಈ ಎರಡು ಪುಟಗಳ ನಡುವೆ ಇನ್ನೊಂದು ಪುಟ ಇರಬೇಕಿತ್ತು. ಓಡಿಹೋಗಲು ಎಷ್ಟು ದುಡ್ಡು ಬೇಕು? ಆ ದುಡ್ಡು ಯಾರ ಹತ್ತಿರ ಇದೆ? ನ್ಯಾಯವಾದ ದಾರಿಯಲ್ಲಿ ಅದು ಯಾಕೆ ಸಿಗುವುದಿಲ್ಲ? ಅಪರಾಧ ಚಿತ್ರದ ಬೆನ್ನೆಲುಬು ಈ ಲೆಕ್ಕದಲ್ಲಿದೆ, ಕೋವಿಯಲ್ಲಿ ಅಲ್ಲ. ಲೆಕ್ಕ ಗಟ್ಟಿಯಾಗಿದ್ದರೆ ಪ್ರೇಕ್ಷಕ ತಪ್ಪು ಮಾಡುವ ಹುಡುಗನ ಪಕ್ಕದಲ್ಲಿ ನಿಂತು ನೋಡುತ್ತಾನೆ. ಲೆಕ್ಕ ಇಲ್ಲದಿದ್ದರೆ ದೂರದಲ್ಲಿ ನಿಂತು ತೀರ್ಪು ಕೊಡುತ್ತಾನೆ.

ಹಾಗಾಗಿ ಇವತ್ತು ಒಂದು ಕಥೆಯನ್ನು ಇಲ್ಲೇ ಕಟ್ಟೋಣ. ಕಾಲ 2018ರ ಆಗಸ್ಟ್, ಕೊಡಗಿನಲ್ಲಿ ಮಳೆಗೆ ಗುಡ್ಡಗಳು ಕುಸಿದ ತಿಂಗಳು. ಮಕ್ಕಂದೂರು, ಹಟ್ಟಿಹೊಳೆ, ಜೋಡುಪಾಲ ಎಂದರೆ ನಿಮಗೆ ಬೇರೆ ವಿವರಣೆ ಬೇಕಿಲ್ಲ. ಪಾತ್ರಗಳು ಮೂರು. ದೊಡ್ಡವನಿಗೆ 19, ಅವನ ಮನೆ, ಎರಡು ಎಕರೆ ತೋಟ ಬರೆ (ಗುಡ್ಡದ ಇಳಿಜಾರು) ಕುಸಿದು ಹೊಳೆಗೆ ಹೋಗಿದೆ. ಚಿಕ್ಕವನಿಗೆ 17, ಪಕ್ಕದ ಎಸ್ಟೇಟಿನ ಲೈನ್ ಮನೆಯವನು, ಅಂದರೆ ಕೂಲಿಕಾರರ ಸಾಲುಮನೆಯವನು. ಹುಡುಗಿಗೆ 18, ಮೈಸೂರಿನಲ್ಲಿ ನರ್ಸಿಂಗ್ ಸೀಟು ಸಿಕ್ಕಿದೆ, ಶುಲ್ಕ ಕಟ್ಟಿಲ್ಲ. ಮೂವರೂ ಪರಿಹಾರ ಕೇಂದ್ರದ ಒಂದೇ ಹಾಲ್‌ನಲ್ಲಿ ಮಲಗುತ್ತಾರೆ. ಅವರಿಗೆ ಬೇಕಾದದ್ದನ್ನು ಒಂದು ಹಾಳೆಯಲ್ಲಿ ಬರೆಯಿರಿ: ಶುಲ್ಕ 40,000, ರೂಮಿನ ಅಡ್ವಾನ್ಸ್ 30,000, ಮೊದಲ ತಿಂಗಳ ಬಾಡಿಗೆ, ಊಟ 13,000, ಬಸ್ಸು, ಚಿಲ್ಲರೆ ಖರ್ಚು 2,000. ಒಟ್ಟು 85,000 ರೂಪಾಯಿ. ಅಂಕಿ ನಿಮ್ಮ ಕಥೆಗೆ ತಕ್ಕಂತೆ ಬದಲಾಗಲಿ, ಆದರೆ ಒಂದು ಅಂಕಿ ಇರಲೇಬೇಕು. ಅದನ್ನು ಪಾತ್ರವೊಂದು ತನ್ನ ಕೈಯಿಂದ ಬರೆಯುವುದನ್ನು ಚಿತ್ರದ ಮೊದಲ ಹತ್ತು ನಿಮಿಷದೊಳಗೆ ತೋರಿಸಿ. ನೋಟ್ ಪುಸ್ತಕದ ಹಿಂಬದಿಯ ಹಾಳೆ ಸಾಕು.

ಆಮೇಲೆ ಬಾಗಿಲುಗಳು ಮುಚ್ಚಬೇಕು. ಇಲ್ಲಿ ನಮ್ಮ ನೆಲದ ತಿಳಿವಳಿಕೆ ಕೆಲಸಕ್ಕೆ ಬರುತ್ತದೆ. ಬೇರೆ ಊರಿನ ಚಿತ್ರದಲ್ಲಿ ಬ್ಯಾಂಕಿನವರು ಸುಮ್ಮನೆ ಸಾಲ ಇಲ್ಲ ಎಂದು ಕಳಿಸುತ್ತಾರೆ. ಇಲ್ಲಿ ಅದಕ್ಕೊಂದು ಕಾರಣ ಇದೆ. ವಂಶಪಾರಂಪರ್ಯವಾಗಿ ಬರುವ ಜಮ್ಮಾ ಹಿಡುವಳಿಯಲ್ಲಿ ಪಹಣಿ ಕುಟುಂಬದ ಹಿರಿಯರಾದ ಪಟ್ಟೇದಾರರ ಹೆಸರಲ್ಲಿ ಇರುವುದು ಸಾಮಾನ್ಯ. ತೋಟ ಮಾಡುವವನು ಒಬ್ಬ, ದಾಖಲೆಯಲ್ಲಿರುವ ಹೆಸರು ಇನ್ನೊಬ್ಬರದು, ಅವರು ತೀರಿಕೊಂಡು ಎಷ್ಟೋ ವರ್ಷವಾಗಿರುತ್ತದೆ. ಆ ಭೂಮಿಯೇ ಈಗ ಕೆಸರಾಗಿ ಹೊಳೆಯಲ್ಲಿದೆ. ಪರಿಹಾರಕ್ಕೆ ಅರ್ಜಿ ಹಾಕಬೇಕೆಂದರೆ ಕೇಳುವ ಕಾಗದ ಮನೆಯ ಬೀರುವಿನಲ್ಲಿತ್ತು, ಬೀರು ಮಣ್ಣಿನಡಿ ಇದೆ. ಲೈನ್ ಮನೆಯ ಹುಡುಗನಿಗೆ ಈ ಕಷ್ಟವೂ ಇಲ್ಲ, ಯಾಕೆಂದರೆ ಅವನ ಹೆಸರಲ್ಲಿ ಕಳೆದುಕೊಳ್ಳಲು ಜಾಗವೇ ಇರಲಿಲ್ಲ. ಕಳೆದುಕೊಂಡವರ ಪಟ್ಟಿಯಲ್ಲಿ ಅವನು ಬರುವುದೇ ಇಲ್ಲ. ಇಬ್ಬರು ಗೆಳೆಯರ ನಡುವೆ ಮೊದಲ ಬಿರುಕು ಬೀಳಬೇಕಾದದ್ದು ಇಲ್ಲಿ, ಸರತಿಯಲ್ಲಿ ನಿಂತಾಗ. ಒಂದೊಂದು ಬಾಗಿಲಿಗೆ ಒಂದೊಂದು ನಿಮಿಷ ಕೊಡಿ, ಸಾಕು. ಭಾಷಣ ಬೇಡ. ಕೌಂಟರಿನ ಕಿಂಡಿ, ಒದ್ದೆ ಚಪ್ಪಲಿ, ಮಡಿಸಿ ಮಡಿಸಿ ಮಾಸಿದ ಪಡಿತರ ಚೀಟಿ.

ಈಗ ಕಳವು. ನಿಮ್ಮ ಎಳೆಗಳಲ್ಲಿ ಕಾಫಿ ಚೀಲ ಕದಿಯುವ ದೃಶ್ಯ ನಾಲ್ಕು ಕಡೆ ಇದೆ. ಲೆಕ್ಕ ಹಾಕಿ ನೋಡೋಣ. ರೊಬಸ್ಟಾ ಚೆರಿ, ಅಂದರೆ ಹಣ್ಣಾಗಿಯೇ ಒಣಗಿಸಿದ ಕಾಫಿ, 50 ಕಿಲೋ ಚೀಲಕ್ಕೆ 3,500 ಎಂದು ಇಟ್ಟುಕೊಳ್ಳಿ. ಕದ್ದ ಮಾಲಿಗೆ ಅರ್ಧ ಬೆಲೆ ಸಿಕ್ಕರೆ ಹೆಚ್ಚು, ಅಂದರೆ ಚೀಲಕ್ಕೆ 1,750. ಅವರಿಗೆ ಬೇಕಾದ 85,000ಕ್ಕೆ 49 ಚೀಲ ಬೇಕು. ಸುಮಾರು ಎರಡೂವರೆ ಟನ್. ಅದಕ್ಕೆ ಲಾರಿ ಬೇಕು, ಹೊರಲು ಹತ್ತು ಜನ ಬೇಕು, ಒಂದು ರಾತ್ರಿ ಸಾಲುವುದಿಲ್ಲ. ಕಥೆ ಅಲ್ಲೇ ಮುರಿದು ಬಿತ್ತು. ಕರಿಮೆಣಸಾದರೆ? ಕಿಲೋಗೆ 400, ಅರ್ಧ ಬೆಲೆ 200, ಐವತ್ತು ಕಿಲೋ ಚೀಲಕ್ಕೆ 10,000. ಒಂಬತ್ತು ಚೀಲ ಸಾಕು, 450 ಕಿಲೋ. ಎರಡು ಸಲ ಓಡಾಡಿದರೆ ಹಳೆಯ ಜೀಪಿನಲ್ಲಿ ಆಗಿಹೋಗುತ್ತದೆ. ಆದ್ದರಿಂದ ತೋಟದಲ್ಲಿ ಬೆಳೆದ ಹುಡುಗ ಕಾಫಿ ಚೀಲವನ್ನು ದಾಟಿ ಹೋಗಿ ಮೆಣಸಿನ ಚೀಲಕ್ಕೆ ಕೈ ಹಾಕುತ್ತಾನೆ. ಪಾತ್ರ ಪರಿಚಯಕ್ಕೆ ಇದಕ್ಕಿಂತ ಒಳ್ಳೆಯ ಶಾಟ್ ಯಾವುದಿದೆ? ಒಂದು ಮಾತಿಲ್ಲದೆ ಅವನು ಎಲ್ಲಿಯವನು ಎಂದು ಗೊತ್ತಾಯಿತು.

ಇದೇ ಕಥೆಯನ್ನು ಈಚಿನ ವರ್ಷಗಳಿಗೆ ತಂದರೆ ನೋಡಿ. ಚೆರಿ ಚೀಲ 10,000 ದಾಟಿದ್ದನ್ನು ನಾವೆಲ್ಲ ಕಂಡಿದ್ದೇವೆ. ಅರ್ಧ ಬೆಲೆ 5,000 ಆದರೆ 17 ಚೀಲ, 850 ಕಿಲೋ, ಒಂದು ಪಿಕಪ್ ಸಾಕು. ಕಥೆಯ ಕಾಲ ಬದಲಾದರೆ ವಾಹನ ಬದಲಾಗುತ್ತದೆ, ವಾಹನ ಬದಲಾದರೆ ಜನರ ಸಂಖ್ಯೆ, ದಾರಿ, ರಾತ್ರಿಯ ಉದ್ದ ಎಲ್ಲವೂ ಬದಲಾಗುತ್ತವೆ. ಕಾಫಿ ಮಂಡಳಿ ದಿನದ ಮಾರುಕಟ್ಟೆ ದರ ಪ್ರಕಟಿಸುತ್ತದೆ. ನಿಮ್ಮ ಕಥೆಯ ತಿಂಗಳಿನ ದರ ನೋಡಿಕೊಂಡೇ ಬರೆಯಿರಿ. ನಮ್ಮ ಊರಿನ ಪ್ರೇಕ್ಷಕರಿಗೆ ದರ ಬಾಯಿಪಾಠ ಇರುತ್ತದೆ.

ಹೊರುವ ದೃಶ್ಯವನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಗೋದಾಮಿನಿಂದ ಕಣ ದಾಟಿ ಗೇಟಿನ ತನಕ 60 ಮೀಟರ್ ಎಂದಿಟ್ಟುಕೊಳ್ಳಿ. ಕಣ ಪಾಚಿ ಕಟ್ಟಿ ಜಾರುತ್ತದೆ. ಒದ್ದೆ ಗೋಣಿ ಭುಜದಿಂದ ಜಾರುತ್ತದೆ. ಒಂದು ಸಲ ಎತ್ತಿ, ಹೊತ್ತು, ಇಳಿಸಿ, ತಿರುಗಿ ಬರಲು ಮೂರು ನಿಮಿಷ. ಇಬ್ಬರು ಹೊತ್ತರೆ ಒಂಬತ್ತು ಚೀಲಕ್ಕೆ ಕಾಲು ಗಂಟೆ, ಮಳೆಯಲ್ಲಿ ಅದರ ಎರಡರಷ್ಟು. ಅಷ್ಟು ಹೊತ್ತು ನಾಯಿ ಸುಮ್ಮನಿರುತ್ತದೆಯೇ? ಇರುತ್ತದೆ, ಚಿಕ್ಕವನು ದಿನಾ ಅನ್ನ ಹಾಕಿದ ನಾಯಿಯಾದರೆ. ಆ ನಾಯಿ ಬಾಲ ಅಲ್ಲಾಡಿಸಿಕೊಂಡು ಬಂದು ಅವನ ಕಾಲ ಬಳಿ ನಿಲ್ಲುವುದನ್ನು ತೋರಿಸಿದರೆ, ಬೊಗಳಿದ್ದಕ್ಕಿಂತ ಹೆಚ್ಚು ಎದೆ ಹಿಂಡುತ್ತದೆ.

ನಟರ ಕೈಯಲ್ಲಿ ನಿಜವಾದ 50 ಕಿಲೋ ಹೊರಿಸಬೇಡಿ. ಎಂಟು ಟೇಕ್ ಆದರೆ ಸೊಂಟ ಹೋಗುತ್ತದೆ. ಬರೀ ಕಾಫಿ ಹೊಟ್ಟು ತುಂಬಿದರೂ ಆಗದು. ಕುತ್ತಿಗೆಯ ನರ ಬಿಗಿಯುವುದಿಲ್ಲ, ಚೀಲ ದಿಂಬಿನಂತೆ ಕುಣಿಯುತ್ತದೆ, ಸುಳ್ಳು ಒಂದೇ ಕ್ಷಣದಲ್ಲಿ ಗೊತ್ತಾಗುತ್ತದೆ. ತಳಕ್ಕೆ 20 ಕಿಲೋ ಮರಳು, ಅದರ ಮೇಲೆ ಹೊಟ್ಟು ಒತ್ತಿ ತುಂಬಿ ಬಾಯಿ ಹೊಲಿಯಿರಿ. ಭಾರ ಬೆನ್ನಿನ ಕೆಳಭಾಗಕ್ಕೆ ಕೂರುತ್ತದೆ, ನಡಿಗೆ ತಾನಾಗಿ ಸರಿಯಾಗುತ್ತದೆ.

ಈ ಕಥೆಯ ದೊಡ್ಡ ತಿರುವು ಪೊಲೀಸರಿಂದ ಬರಬೇಕಿಲ್ಲ. ಮೆಣಸನ್ನು ಒಣಗಿಸಿ ತೇವಾಂಶ ಶೇ 10ರಿಂದ 12ಕ್ಕೆ ಇಳಿಸಿ ಇಟ್ಟರೆ ಮಾತ್ರ ಅದು ಉಳಿಯುವುದು. ಆಗಸ್ಟ್ ಮಳೆಯಲ್ಲಿ ನೆನೆದ ಗೋಣಿಯನ್ನು ಪಾಳು ಲೈನ್ ಮನೆಯಲ್ಲಿ ಬಚ್ಚಿಟ್ಟರೆ ಕೆಲವೇ ದಿನದಲ್ಲಿ ಬೂಷ್ಟು. ಚೀಲ ಬಿಚ್ಚಿದರೆ ಬಿಳಿ ಬೂಷ್ಟು, ಮುಗ್ಗಲು ವಾಸನೆ. ವ್ಯಾಪಾರಿ ಒಂದು ಹಿಡಿ ತೆಗೆದು ಅಂಗೈಯಲ್ಲಿ ಉಜ್ಜಿ, ಮೂಸಿ, ಹಾಗೇ ಚೀಲಕ್ಕೆ ಸುರಿದು ಕೈ ಒರೆಸಿಕೊಳ್ಳುತ್ತಾನೆ. ಬೆಲೆ ಹೇಳುವುದೇ ಇಲ್ಲ. ಯಾವ ಮಳೆ ಮನೆ ಕೊಂಡೊಯ್ದಿತೋ ಅದೇ ಮಳೆ ಕದ್ದದ್ದನ್ನೂ ಕೊಂಡೊಯ್ಯಿತು. ಸಾಮಾಜಿಕ ತಳಮಳವನ್ನು ಕಥೆಯೊಳಗೆ ತರುವುದು ಎಂದರೆ ಇದು. ಟಿವಿ ಸುದ್ದಿಯ ತುಣುಕನ್ನು ಹಿನ್ನೆಲೆಯಲ್ಲಿ ಓಡಿಸಿದರೆ ಅದು ಬರೀ ಅಲಂಕಾರ.

ಸುದ್ದಿ ತುಣುಕನ್ನೇ ಸರಿಯಾಗಿ ಬಳಸಿದ ಉದಾಹರಣೆಯೂ ಇದೆ. 1960ರಲ್ಲಿ ಜಪಾನಿನ ನಗಿಸಾ ಒಶಿಮಾ ಮಾಡಿದ ‘ಕ್ರುಯೆಲ್ ಸ್ಟೋರಿ ಆಫ್ ಯೂತ್’. ಅಮೆರಿಕದ ಜೊತೆಗಿನ ಭದ್ರತಾ ಒಪ್ಪಂದದ ವಿರುದ್ಧ ವಿದ್ಯಾರ್ಥಿಗಳು ಬೀದಿಗಿಳಿದಿದ್ದ ವರ್ಷ ಅದು. ಚಿತ್ರದ ಜೋಡಿ ಮಾತ್ರ ಆ ಮೆರವಣಿಗೆಯಲ್ಲಿ ಸೇರುವುದಿಲ್ಲ. ಹುಡುಗಿ ನಡುವಯಸ್ಸಿನ ಗಂಡಸರ ಕಾರು ಹತ್ತುತ್ತಾಳೆ, ಅವರು ಮೈಮೇಲೆ ಬಂದಾಗ ಹುಡುಗ ಬಂದು ಹೆದರಿಸಿ ದುಡ್ಡು ಕೀಳುತ್ತಾನೆ. ಚಳವಳಿ ಅವರ ಪಕ್ಕದಲ್ಲೇ ಹಾದುಹೋಗುತ್ತದೆ, ಅವರು ನಿಂತು ನೋಡುವವರು. ಊರಿನ ಗಲಾಟೆಯಿಂದ ಹೊರಗೆ ನಿಲ್ಲುತ್ತೇವೆ ಎಂದುಕೊಂಡವರು ಅದರ ಅತಿ ಕೆಟ್ಟ ಭಾಗದೊಳಗೇ ಬದುಕುತ್ತಿರುತ್ತಾರೆ. ಸಿಕ್ಕರೆ ನೋಡಿ, ಹಿನ್ನೆಲೆ ಮುನ್ನೆಲೆಗಳ ಆ ಅಂತರವನ್ನು ಗಮನಿಸಿ.

ನಮ್ಮ ದಾರಿಗೆ ಬರೋಣ. ಓಡಿಹೋಗುವ ಚಿತ್ರ ಎಂದರೆ ರೈಲು ಎಂದು ಕಣ್ಣಿಗೆ ರೂಢಿಯಾಗಿದೆ. ಕೊಡಗಿನಲ್ಲಿ ರೈಲಿಲ್ಲ. ಹೊರಗೆ ಹೋಗಲು ಇರುವುದು ಎಣಿಸಬಹುದಾದಷ್ಟು ರಸ್ತೆ: ಕುಶಾಲನಗರ, ಸಂಪಾಜೆ, ಮಾಕುಟ್ಟ, ಕುಟ್ಟ, ತಿತಿಮತಿ ಆನೆಚೌಕೂರು, ಕರಿಕೆ, ಮೇಲ್ಗಡೆ ಕೊಡ್ಲಿಪೇಟೆ. ಹೆಚ್ಚಿನ ಕಡೆ ಘಾಟಿ ಇದೆ, ಕಾಡಿದೆ, ಇಲ್ಲವೇ ಚೆಕ್‌ಪೋಸ್ಟ್ ಇದೆ. 2018ರ ಆ ಮಳೆಗಾಲದಲ್ಲಿ ಮಾಕುಟ್ಟದ ರಸ್ತೆ ಜೂನ್‌ನಲ್ಲೇ ಕುಸಿದಿತ್ತು, ಆಗಸ್ಟ್‌ನಲ್ಲಿ ಸಂಪಾಜೆ ಘಾಟಿ ಮುಚ್ಚಿತು. ನಿಮ್ಮ ಪಾತ್ರಗಳಿಗೆ ಉಳಿಯುವುದು ಎಷ್ಟು ದಾರಿ ಎಂದು ನಕ್ಷೆಯ ಮೇಲೆ ಪೆನ್ಸಿಲಿನಿಂದ ಅಡ್ಡಗೆರೆ ಹಾಕುತ್ತಾ ಬನ್ನಿ. ಚಿತ್ರಕಥೆಯ ಎರಡನೇ ಭಾಗ ಆ ನಕ್ಷೆಯಲ್ಲೇ ಸಿಗುತ್ತದೆ.

ಕಾನೂನಿನ ವಿಷಯದಲ್ಲಿ ನಮ್ಮ ಚಿತ್ರಗಳು ಬಹಳ ಅಸಡ್ಡೆ ಮಾಡುತ್ತವೆ. ಇಲ್ಲಿ ಸ್ವಲ್ಪ ನಿಧಾನಿಸಬೇಕು, ಯಾಕೆಂದರೆ ನಾಟಕ ಅಡಗಿರುವುದು ಈ ವಿವರಗಳಲ್ಲೇ. ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂದದ್ದು 2024ರ ಜುಲೈ 1ರಂದು. ನಮ್ಮ ಕಥೆ 2018ರದ್ದು, ಹಾಗಾಗಿ ಎಫ್ಐಆರ್‌ನಲ್ಲಿ ಅದಕ್ಕೂ ಹಿಂದಿನ ದಂಡ ಸಂಹಿತೆಯಾದ ಐಪಿಸಿಯ ಸೆಕ್ಷನ್‌ಗಳೇ ಬರಬೇಕು: ರಾತ್ರಿ ಕಟ್ಟಡ ಒಡೆದು ನುಗ್ಗಿದ್ದಕ್ಕೆ 457, ಕಟ್ಟಡದೊಳಗಿನ ಕಳವಿಗೆ 380. ಇಂದಿನ ಕಥೆಯಾದರೆ ಕೊಲೆಗೆ 302 ಅಲ್ಲ, 103. ಆದರೆ ಸಂಭಾಷಣೆಯಲ್ಲಿ ಜನ ಇಂದಿಗೂ ‘ತ್ರೀ ನಾಟ್ ಟು’ ಎಂದೇ ಅನ್ನುತ್ತಾರೆ, ನಿಷೇಧಾಜ್ಞೆಯನ್ನು ‘ನೂರ ನಲವತ್ನಾಲ್ಕು’ ಎಂದೇ ಕರೆಯುತ್ತಾರೆ. ಠಾಣೆಯ ಕಾಗದದಲ್ಲಿ ಹೊಸ ಸಂಖ್ಯೆ, ಹೋಟೆಲಿನ ಮಾತಿನಲ್ಲಿ ಹಳೆಯ ಸಂಖ್ಯೆ ಇಡಿ.

ಎಷ್ಟು ಜನ ಎನ್ನುವುದೂ ಮುಖ್ಯ. ಕಾವಲುಗಾರನನ್ನು ಹೆದರಿಸಿ, ಕಟ್ಟಿಹಾಕಿ ಚೀಲ ಒಯ್ದರೆ ಅದು ಕಳವಲ್ಲ, ಸುಲಿಗೆ. ಅದೇ ಸುಲಿಗೆಯಲ್ಲಿ ಐದು ಜನ ಸೇರಿದ್ದರೆ ಕಾನೂನು ಅದನ್ನು ಡಕಾಯಿತಿ ಎನ್ನುತ್ತದೆ, ಶಿಕ್ಷೆ ಜೀವಾವಧಿಯವರೆಗೂ ಹೋಗಬಹುದು. ಸ್ಥಳದಲ್ಲೇ ಇದ್ದು ನೆರವಾದವನೂ ಲೆಕ್ಕಕ್ಕೆ ಸೇರುತ್ತಾನೆ. ‘ನಾನು ಬರೀ ಜೀಪು ಓಡಿಸಿದೆ ಸರ್’ ಎನ್ನುವ ಹುಡುಗನೇ ಐದನೆಯವನಾಗಿಬಿಡಬಹುದು. ಗೆಳೆಯರ ಗುಂಪನ್ನು ಬರೆಯುವಾಗ ಐದನೆಯವನನ್ನು ಸುಮ್ಮನೆ ಸೇರಿಸಬೇಡಿ.

ಇನ್ನು ವಯಸ್ಸು. ನಮ್ಮ ದೊಡ್ಡವನಿಗೆ 19, ಚಿಕ್ಕವನಿಗೆ 17 ಎಂದು ಇಟ್ಟದ್ದು ಬೇಕೆಂದೇ. ಬಾಲನ್ಯಾಯ ಕಾಯ್ದೆ 2015ರ ಪ್ರಕಾರ 18 ತುಂಬದವನನ್ನು ಠಾಣೆಯ ಲಾಕಪ್ಪಿಗೆ ಹಾಕುವಂತಿಲ್ಲ, ಜೈಲಿಗೂ ಕಳಿಸುವಂತಿಲ್ಲ. ಕೋಳ ಹಾಕುವಂತಿಲ್ಲ. ಅವನೊಂದಿಗೆ ವ್ಯವಹರಿಸುವ ಪೊಲೀಸರು ಸಮವಸ್ತ್ರದಲ್ಲಿ ಇರಬಾರದು. 24 ಗಂಟೆಯೊಳಗೆ ಬಾಲನ್ಯಾಯ ಮಂಡಳಿಯ ಮುಂದೆ ಹಾಜರುಪಡಿಸಬೇಕು; ಮಂಡಳಿಯಲ್ಲಿ ಒಬ್ಬ ಮ್ಯಾಜಿಸ್ಟ್ರೇಟ್, ಇಬ್ಬರು ಸಮಾಜ ಕಾರ್ಯಕರ್ತರು, ಅವರಲ್ಲಿ ಒಬ್ಬರಾದರೂ ಮಹಿಳೆ. 16ರಿಂದ 18ರ ನಡುವಿನವನನ್ನು ದೊಡ್ಡವನಂತೆ ವಿಚಾರಣೆ ಮಾಡಬಹುದೇ ಎಂಬ ಪ್ರಶ್ನೆ ಏಳುವುದು ಕನಿಷ್ಠ ಏಳು ವರ್ಷ ಶಿಕ್ಷೆಯಿರುವ ಘೋರ ಅಪರಾಧಗಳಲ್ಲಿ. ಮೆಣಸಿನ ಕಳವು ಅದರಲ್ಲಿ ಬರುವುದಿಲ್ಲ. ಅಂದರೆ ಒಂದೇ ಚೀಲದ ಎರಡು ತುದಿ ಹಿಡಿದ ಇಬ್ಬರು ಬೆಳಗಾಗುವುದರೊಳಗೆ ಎರಡು ಬೇರೆ ಕೋಣೆಯಲ್ಲಿ ಇರುತ್ತಾರೆ. ಒಬ್ಬನ ಎದುರು ಖಾಕಿ, ಇನ್ನೊಬ್ಬನ ಎದುರು ಬಣ್ಣದ ಅಂಗಿ ತೊಟ್ಟ ಪೊಲೀಸ್. ನೆನೆದ ಚಿಕ್ಕವನಿಗೆ ಯಾರೋ ಟವೆಲ್ ಕೊಡುತ್ತಾರೆ. ಗೋಡೆಯ ಆಚೆ ದೊಡ್ಡವನ ಕೆಮ್ಮು ಕೇಳುತ್ತದೆ. ಹುಡುಗರು ಪರಸ್ಪರ ಬಿಟ್ಟುಕೊಡುವ ದೃಶ್ಯಕ್ಕೆ ಹೊಡೆತ ಬಡಿತ ಬೇಕಿಲ್ಲ, ಈ ಗೋಡೆ ಸಾಕು.

ಕೋವಿಯ ಮಾತು ಬಾರದೆ ಇರುವುದಿಲ್ಲ. ಬೇರೆ ಕಡೆಯ ಚಿತ್ರದಲ್ಲಿ ಬಂದೂಕು ಮನೆಯೊಳಗೆ ಬಂತೆಂದರೆ ಅದೇ ಒಂದು ಆಘಾತ. ಇಲ್ಲಿ ಕೋವಿ ಮನೆಯದ್ದು. ಶಸ್ತ್ರಾಸ್ತ್ರ ಕಾಯ್ದೆಯ ಸೆಕ್ಷನ್ 41ರ ಅಡಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಪರವಾನಗಿಯಿಂದ ವಿನಾಯಿತಿ ಇದೆ, 2029ರವರೆಗೆ ಅದು ನವೀಕರಣಗೊಂಡಿದೆ. ಕೈಲ್ ಪೊಳ್ದ್ ಹಬ್ಬದಲ್ಲಿ ಕೋವಿಗೆ ಹೂವಿಟ್ಟು ಪೂಜೆ ಮಾಡುವ ಮನೆಯಲ್ಲಿ, ಅದನ್ನು ಕಳವಿಗೆ ಎತ್ತಿಕೊಂಡು ಹೋಗುವುದು ಬರೀ ಅಪರಾಧವಲ್ಲ, ಮನೆತನಕ್ಕೆ ಮಾಡಿದ ದ್ರೋಹ. ಕೋವಿ ತೋರಿಸಲೇಬೇಕೆಂದರೆ ಗೋಡೆಯ ಮೇಲೆ ಅದು ಇದ್ದ ಖಾಲಿ ಜಾಗವನ್ನು ತೋರಿಸಿ. ಅಜ್ಜಿ ಅತ್ತ ನೋಡಿ ಏನೂ ಹೇಳದೆ ಒಳಗೆ ಹೋಗಲಿ.

ಶಬ್ದದಲ್ಲೂ ಎಚ್ಚರ ಬೇಕು. ಕೊಡವರ ಮನೆಯಲ್ಲಿ ಗಂಡು ಮಗು ಹುಟ್ಟಿದಾಗ ಒಂದು ಗುಂಡು, ಸಾವಾದಾಗ ಬೆನ್ನುಬೆನ್ನಿಗೆ ಎರಡು. ನಿಮ್ಮ ಚಿತ್ರದಲ್ಲಿ ರಾತ್ರಿ ಎರಡು ಗುಂಡಿನ ಸದ್ದು ಬಂದರೆ ಮೈಸೂರಿನ ಪ್ರೇಕ್ಷಕನಿಗೆ ಅದು ಗುಂಡಿನ ಕಾಳಗ. ವಿರಾಜಪೇಟೆಯ ಪ್ರೇಕ್ಷಕನಿಗೆ ಯಾರೋ ತೀರಿಕೊಂಡರು. ಸಂಕಲನದ ಮೇಜಿನಲ್ಲಿ ಕುಳಿತು ಸುಮ್ಮನೆ ಇನ್ನೊಂದು ಗುಂಡು ಸೇರಿಸುವ ಮುನ್ನ ಇದು ನೆನಪಿರಲಿ. ಬೇಕೆಂದೇ ಬಳಸಿದರೆ ಇದಕ್ಕಿಂತ ದೊಡ್ಡ ಆಯುಧ ನಿಮ್ಮ ಕೈಯಲ್ಲಿ ಇನ್ನೊಂದಿಲ್ಲ. ಚಿತ್ರೀಕರಣಕ್ಕೆ ಮಾತ್ರ ನಿಜವಾದ ಕೋವಿ ಬೇಡವೇ ಬೇಡ, ಖಾಲಿ ಇದೆ ಎಂದು ಯಾರೇ ಆಣೆ ಮಾಡಿದರೂ. ಮರದ್ದನ್ನು ಮಾಡಿಸಿ ಬಣ್ಣ ಹಚ್ಚಿ. ಯಾವ ದಿನ, ಎಲ್ಲಿ, ಎಷ್ಟು ಹೊತ್ತು ಎಂದು ಠಾಣೆಗೆ ಮೊದಲೇ ಬರೆದುಕೊಟ್ಟು ಸ್ವೀಕೃತಿ ಪಡೆಯಿರಿ.

ಇನ್ನು ಮಳೆಯಲ್ಲಿ ಕ್ಯಾಮೆರಾ. ಮಳೆ ಹಿಂದಿನಿಂದ ಬೆಳಕು ಬಿದ್ದರೆ ಮಾತ್ರ ಕಾಣುತ್ತದೆ. ಮುಂದಿನಿಂದ ಬೆಳಕು ಕೊಟ್ಟರೆ ಜಡಿಮಳೆಯಲ್ಲಿ ನಿಂತ ನಟ ಸುಮ್ಮನೆ ಒದ್ದೆಯಾಗಿರುವಂತೆ ಕಾಣುತ್ತಾನೆ. ಜೀಪನ್ನು ನಟನ ಹಿಂದೆ ಓರೆಯಾಗಿ ನಿಲ್ಲಿಸಿ ಹೆಡ್‌ಲೈಟ್ ಹಾಕಿ, ಆಚೆ ಕಪ್ಪು ಮರಗಳಿರಲಿ. ಒಂದೊಂದು ಎಳೆಯೂ ಬೆಳ್ಳಿಯಾಗುತ್ತದೆ. ನಮ್ಮ ಕರೆಂಟು 50 ಹರ್ಟ್ಜ್. ಫೋನಿನಲ್ಲಿ ಸೆಕೆಂಡಿಗೆ 30 ಫ್ರೇಮ್, 1/60 ಶಟರ್ ಹಾಗೇ ಬಿಟ್ಟರೆ ಠಾಣೆಯ ಟ್ಯೂಬ್‌ಲೈಟ್ ಅಲೆಅಲೆಯಾಗಿ ಮಿಣುಕುತ್ತದೆ, ಆಮೇಲೆ ತೆಗೆಯುವುದು ಕಷ್ಟ. 25 ಫ್ರೇಮ್, 1/50 ಶಟರ್ ಇಡಿ. ಬೆಚ್ಚಗಿನ ಕೋಣೆಗೆ ಹೊರಗಿನ ತಣ್ಣನೆ ಲೆನ್ಸ್ ತಂದರೆ ಗಾಜು ಮಂಜಾಗುತ್ತದೆ, ಎ.ಸಿ. ಕಾರಿನಿಂದ ಇಳಿಸಿದರೂ ಅಷ್ಟೇ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟು 20-30 ನಿಮಿಷ ಬಿಟ್ಟು ತೆರೆಯಿರಿ. ದಿನದ ಕೊನೆಗೆ ಸಿಲಿಕಾ ಜೆಲ್ ಹಾಕಿದ ಡಬ್ಬಿ, ಇಲ್ಲದಿದ್ದರೆ ಒಂದೇ ಮಳೆಗಾಲಕ್ಕೆ ಲೆನ್ಸಿಗೂ ಬೂಷ್ಟು. ಮಂಜು ಬಂದ ತಕ್ಷಣ ದೂರದ ಶಾಟ್ ಮೊದಲು ಮುಗಿಸಿ. ಹತ್ತು ನಿಮಿಷದಲ್ಲಿ ಅದು ಹೋದರೂ ಹತ್ತಿರದ ಶಾಟ್ಗಳಲ್ಲಿ ಯಾರಿಗೂ ತಿಳಿಯದು.

ಧ್ವನಿಯಲ್ಲಿ ಎಲ್ಲರೂ ಸೋಲುವುದು ಶೀಟಿನ ಮಾಡಿನ ಕೆಳಗೆ. ನಟರು ನಿಂತ ಜಾಗದ ಮೇಲಿನ ಶೀಟಿಗೆ ಹಳೆ ಗೋಣಿ, ಕಂಬಳಿ ಹೊದಿಸಿದರೆ ಹನಿಯ ಪೆಟ್ಟು ಮೆತ್ತಗಾಗುತ್ತದೆ. ಮಳೆ ಬಿಟ್ಟ ಹೊತ್ತಿನಲ್ಲಿ ಅದೇ ಜಾಗದಲ್ಲಿ, ಅದೇ ಉಸಿರಿನಲ್ಲಿ ಮಾತನ್ನು ಬರೀ ಧ್ವನಿಗಾಗಿ ಮತ್ತೊಮ್ಮೆ ಆಡಿಸಿ. ಶೀಟು, ಹೆಂಚು, ಪ್ಲಾಸ್ಟಿಕ್ ಕೊಪ್ಪೆ, ಬಾಳೆ ಎಲೆ, ಒಂದೊಂದರ ಮೇಲಿನ ಮಳೆಯನ್ನು ಎರಡೆರಡು ನಿಮಿಷ ಬೇರೆಬೇರೆ ದಾಖಲಿಸಿ. ಪರಿಹಾರ ಕೇಂದ್ರದ ಮಳೆಯ ಸದ್ದು ಮನೆಯ ಮಳೆಯ ಸದ್ದಿನಂತಲ್ಲ ಎನ್ನುವುದನ್ನು ಪ್ರೇಕ್ಷಕನ ಕಿವಿ ಕಣ್ಣಿಗಿಂತ ಮೊದಲು ಹಿಡಿಯುತ್ತದೆ.

ಕಾಡು ಬೇಕೆಂದು ಅಭಯಾರಣ್ಯದೊಳಗೆ ನುಗ್ಗಬೇಡಿ. ಪುಷ್ಪಗಿರಿ, ತಲಕಾವೇರಿ, ಬ್ರಹ್ಮಗಿರಿ, ನಾಗರಹೊಳೆ ಎಲ್ಲಿಯೂ ಅರಣ್ಯ ಇಲಾಖೆಯ ಲಿಖಿತ ಅನುಮತಿ ಇಲ್ಲದೆ ಕ್ಯಾಮೆರಾ ತೆಗೆಯುವಂತಿಲ್ಲ, ಡ್ರೋನಂತೂ ದೂರದ ಮಾತು. ಗುರುತಿನವರ ಹಳೆಯ ತೋಟದ ಅಂಚು ರಾತ್ರಿ ಕಾಡಿನಂತೆಯೇ ಕಾಣುತ್ತದೆ, ಕಾಫಿ ಗಿಡ ಚೌಕಟ್ಟಿನೊಳಗೆ ಬರದಂತೆ ನೋಡಿಕೊಂಡರೆ ಆಯಿತು. ಸಿದ್ದಾಪುರ, ಮಾಯಮುಡಿ, ತಿತಿಮತಿ ಕಡೆಯಾದರೆ ಕತ್ತಲಾಗುವ ಮುಂಚೆ ಸಾಮಾನು ಕಟ್ಟಿ. ಆನೆ ಬಂದಿದೆಯೇ ಎಂದು ತೋಟದ ಲೆಕ್ಕ ನೋಡುವ ರೈಟರ್ ಹತ್ತಿರ ಬೆಳಿಗ್ಗೆಯೂ ಕೇಳಿ, ಮಧ್ಯಾಹ್ನವೂ ಕೇಳಿ. ಜಿಗಣೆಗೆ ಉಪ್ಪು ಜೇಬಿನಲ್ಲಿರಲಿ.

ಭಾಷೆಯ ಬಗ್ಗೆ ಒಂದು ಮಾತು. ದೊಡ್ಡವನು ಮನೆಯಲ್ಲಿ ಕೊಡವ ತಕ್ಕ್ ಅಥವಾ ಅರೆಭಾಷೆ ಆಡುತ್ತಾನೆ, ಲೈನ್ ಮನೆಯಲ್ಲಿ ಯರವ ಭಾಷೆಯೋ ಮಲಯಾಳವೋ ಕೇಳುತ್ತದೆ, ಇಬ್ಬರೂ ಸೇರಿದಾಗ ಕನ್ನಡ. ಮೂವರ ಬಾಯಲ್ಲೂ ಬೆಂಗಳೂರು ಸಿನಿಮಾದ ಕನ್ನಡ ತುರುಕಬೇಡಿ. ಯಾವಾಗ ಯಾರು ಯಾವ ಭಾಷೆಗೆ ಜಾರುತ್ತಾರೆ ಎನ್ನುವುದೇ ಒಂದು ಸಂಭಾಷಣೆ. ಠಾಣೆಯಲ್ಲಿ ದೊಡ್ಡವನ ಚಿಕ್ಕಪ್ಪ ಪೊಲೀಸರ ಜೊತೆ ತಮ್ಮ ಭಾಷೆಯಲ್ಲಿ ಮೆಲ್ಲಗೆ ಮಾತಾಡುವಾಗ, ಅದು ಅರ್ಥವಾಗದ ಚಿಕ್ಕವನ ಮುಖದ ಮೇಲೆ ಕ್ಯಾಮೆರಾ ಇಡಿ. ಉಪಶೀರ್ಷಿಕೆ ಹಾಕಬೇಡಿ. ಅವನಿಗೆ ತಿಳಿಯದ್ದು ನಮಗೂ ತಿಳಿಯದಿರಲಿ.

ಕೊನೆಯ ದೃಶ್ಯಕ್ಕೆ ಹೋಗೋಣ. ಹುಡುಗಿ ಒಬ್ಬಳೇ ಬಸ್ಸಿನಲ್ಲಿದ್ದಾಳೆ. ಬೂಷ್ಟು ಹಿಡಿಯದ ಒಂದೇ ಒಂದು ಚೀಲದ ದುಡ್ಡು, ಹತ್ತು ಸಾವಿರ, ಅವಳ ನೋಟ್ ಪುಸ್ತಕದೊಳಗಿದೆ. ಕುಶಾಲನಗರದ ಸೇತುವೆ ದಾಟಿದರೆ ಕೊಪ್ಪ, ಜಿಲ್ಲೆ ಮುಗಿಯುತ್ತದೆ. ಬಸ್ಸು ಸೇತುವೆ ದಾಟಲು ಅರ್ಧ ನಿಮಿಷವೂ ಬೇಡ, ಎರಡನೇ ಟೇಕಿಗೆ ಬಸ್ಸನ್ನು ತಿರುಗಿಸಿ ತರಲು ಇಪ್ಪತ್ತು ನಿಮಿಷ ಬೇಕು. ಆದ್ದರಿಂದ ಓಡುವ ಸಾರ್ವಜನಿಕ ಬಸ್ಸಿನಲ್ಲಿ ಕದ್ದು ತೆಗೆಯುವ ಯೋಚನೆ ಬಿಟ್ಟು, ಒಂದು ಹಳೆಯ ಖಾಸಗಿ ಬಸ್ಸನ್ನು ಅರ್ಧ ದಿನಕ್ಕೆ ಬಾಡಿಗೆಗೆ ಹಿಡಿಯಿರಿ. ಚಾಲಕನಿಗೆ ಮೂರನೇ ಗೇರು, ಗಂಟೆಗೆ 20 ಕಿ.ಮೀ. ಎಂದು ಹೇಳಿ. ಕ್ಯಾಮೆರಾ ಅವಳ ಪಕ್ಕದ ಸೀಟಿನಲ್ಲಿ, ಕಿಟಕಿಯ ಗಾಜು ಅರ್ಧ ಇಳಿದಿರಲಿ, ಮಳೆಯ ಎರಚಲು ಒಳಗೆ ಬರಲಿ. ಅವಳು ಪುಸ್ತಕದ ಹಿಂಬದಿ ಹಾಳೆ ತೆರೆಯುತ್ತಾಳೆ. ನಾಲ್ಕು ಬಾಬತ್ತು, ಕೆಳಗೆ 85,000. ಅದರ ಕೆಳಗೆ 10,000 ಎಂದು ಬರೆದು, ಕಳೆಯುವ ಗೆರೆ ಎಳೆಯುತ್ತಾಳೆ. ಉತ್ತರ ಬರೆಯುವ ಮೊದಲು ಕಂಡಕ್ಟರ್ ಬಂದು ಟಿಕೆಟ್ ಕೇಳುತ್ತಾನೆ. ಅವಳು ಕೈ ಚಾಚಿದಾಗ ತೋಳಿನ ಬಟ್ಟೆಯ ಮಡಿಕೆಯಿಂದ ನಾಲ್ಕು ಮೆಣಸಿನ ಕಾಳು ಹಾಳೆಯ ಮೇಲೆ ಉದುರುತ್ತವೆ. ಈ ಶಾಟಿಗೆ ಮ್ಯಾಕ್ರೋ ಲೆನ್ಸ್ ಬೇಕಿಲ್ಲ, ಫೋನಿನ ಎರಡು ಪಟ್ಟು ಜೂಮ್ ಸಾಕು. ಕಾಳುಗಳನ್ನು ಮಾತ್ರ ಮೊದಲೇ ಒಣಗಿಸಿಟ್ಟುಕೊಳ್ಳಿ. ಒದ್ದೆಯಾಗಿದ್ದರೆ ಉರುಳುವುದಿಲ್ಲ, ಬಟ್ಟೆಗೇ ಅಂಟಿಕೊಳ್ಳುತ್ತವೆ.